ನಮ್ಮ ಮನೇಲಿ ಯಾರಿಗೂ ಇಲ್ಲ, ಮಗನಿಗೆ ಎಲ್ಲಿಂದ ಬಂತು?

ನಾನು ಪಿಯುಸಿ ಮಕ್ಕಳಿಗೆ ಬಯಾಲಜಿ ಪಾಠ ಮಾಡುತ್ತೇನೆ. ಈ ಪ್ರಶ್ನೆ ವರ್ಷಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ, ಹೆಚ್ಚಾಗಿ ತಾಯಂದಿರಿಂದ. ಮಗ ಯಾವುದೋ ಕೆಲಸದ ಮೆಡಿಕಲ್ ಟೆಸ್ಟ್‌ಗೆ ಹೋಗಿರುತ್ತಾನೆ. ಅಲ್ಲಿ ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಇಶಿಹಾರಾ ಪುಸ್ತಕ ಮುಂದಿಡುತ್ತಾರೆ. ಉಳಿದವರು 74 ಎಂದು ಓದುವ ಪುಟದಲ್ಲಿ ಇವನು 21 ಎನ್ನುತ್ತಾನೆ. ಕೆಂಪು-ಹಸಿರು ಬಣ್ಣಗುರುಡು ಎಂದು ಬರೆದುಕೊಡುತ್ತಾರೆ. ತಾಯಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ: "ನಮ್ಮ ಮನೇಲಿ ಯಾರಿಗೂ ಇಲ್ಲ ಮೇಡಂ. ನಾನು ಬಸುರಿಯಾಗಿದ್ದಾಗ ಏನಾದ್ರೂ ತಪ್ಪು ಮಾಡಿದ್ನಾ?"

ಇಲ್ಲಮ್ಮ, ನಿಮ್ಮದೇನೂ ತಪ್ಪಿಲ್ಲ. ಇದನ್ನು ಹೇಳಿದ ಮೇಲೆಯೇ ನಾನು ಮುಂದಿನ ಮಾತಿಗೆ ಹೋಗುವುದು. ಬಣ್ಣಗುರುಡು ಅನ್ನುವ ಪದವೂ ನನಗೆ ಹಿಡಿಸುವುದಿಲ್ಲ. ಹುಡುಗನಿಗೆ ಬಣ್ಣಗಳು ಕಾಣುತ್ತವೆ. ಕೆಲವು ಬಣ್ಣಗಳ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ, ಅಷ್ಟೇ.

ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ: ನೀಲಿ, ಹಸಿರು, ಕೆಂಪು. ಪ್ರತಿ ಬಗೆಗೂ ಒಂದು ಜೀನ್, ಅಂದರೆ ಡಿಎನ್‌ಎ ಅಕ್ಷರಗಳಲ್ಲಿ ಬರೆದ ಸೂಚನೆ ಇದೆ. ಜೀನ್‌ಗಳನ್ನು ಹೊತ್ತ ಡಿಎನ್‌ಎ ದಾರವೇ ಕ್ರೋಮೋಸೋಮ್. ನೀಲಿಯ ಜೀನ್ 7ನೇ ಕ್ರೋಮೋಸೋಮಿನಲ್ಲಿ ದೂರ ಇದೆ. ಕೆಂಪು ಮತ್ತು ಹಸಿರಿನ ಜೀನ್‌ಗಳು ಮಾತ್ರ ಎಕ್ಸ್ ಕ್ರೋಮೋಸೋಮಿನ ತುದಿಯ ಬಳಿ ಒಂದರ ಹಿಂದೆ ಒಂದು ಕೂತಿವೆ. ಮೊದಲು ಕೆಂಪು, ಆಮೇಲೆ ಹಸಿರು. ಎಷ್ಟೋ ಜನರಲ್ಲಿ ಹಸಿರಿನ ಪ್ರತಿಗಳೇ ಎರಡು ಮೂರು ಇರುತ್ತವೆ. ಅಮೆರಿಕದ ಜೆರೆಮಿ ನೇಥನ್ಸ್ ಮತ್ತು ಜೊತೆಗಾರರು 1986ರಲ್ಲಿ ಈ ಜೀನ್‌ಗಳನ್ನು ಓದಿ ತೋರಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಡಿಎನ್‌ಎ ಅಕ್ಷರಗಳಲ್ಲಿ 100ಕ್ಕೆ 98ರಷ್ಟು ಒಂದೇ. ಎಡವಟ್ಟು ಆಗುವುದು ಈ ಹೋಲಿಕೆಯಿಂದಲೇ.

ಅಂಡಾಣು ತಯಾರಾಗುವಾಗ ತಾಯಿಯ ಎರಡು ಎಕ್ಸ್‌ಗಳು ಪಕ್ಕಪಕ್ಕ ನಿಲ್ಲುತ್ತವೆ. ಒಂದು ಅವಳ ಅಪ್ಪನದು, ಇನ್ನೊಂದು ಅಮ್ಮನದು. ಅಕ್ಷರಕ್ಕೆ ಅಕ್ಷರ ಹೊಂದಿಸಿಕೊಂಡು, ಒಂದೇ ಜಾಗದಲ್ಲಿ ತುಂಡಾಗಿ, ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ರೀಕಾಂಬಿನೇಶನ್ ಅಂದರೆ ಇದೇ. ಆದರೆ ಅವಸರದಲ್ಲಿ ಸ್ಕೂಲ್ ಅಂಗಿ ಹಾಕಿಕೊಳ್ಳುವ ಮಗುವನ್ನು ನೋಡಿದ್ದೀರಲ್ವಾ? ಗುಂಡಿಗಳೆಲ್ಲ ಒಂದೇ ತರಹ, ಕಾಜಗಳೂ ಒಂದೇ ತರಹ. ಒಂದು ಕಾಜ ತಪ್ಪಿದರೂ ಗುಂಡಿ ಸಲೀಸಾಗಿ ಕೂರುತ್ತದೆ. ಕೆಳಗೆ ಬಂದು ನೋಡಿದರೆ ಒಂದು ಬದಿಯ ಬಟ್ಟೆ ಜೋತುಬಿದ್ದಿರುತ್ತದೆ, ಇನ್ನೊಂದು ಬದಿ ಗಿಡ್ಡವಾಗಿರುತ್ತದೆ. ಇಲ್ಲೂ ಹಾಗೆಯೇ. ಜೋಡಿಸುವಾಗ ಒಂದು ಜೀನ್‌ನಷ್ಟು ಜಾರಿದರೆ ಒಂದು ಎಕ್ಸ್‌ಗೆ ಹಸಿರಿನ ಪ್ರತಿ ಒಂದು ಜಾಸ್ತಿ ಸಿಗುತ್ತದೆ, ಇನ್ನೊಂದಕ್ಕೆ ಹಸಿರೇ ಇಲ್ಲದೆ ಹೋಗಬಹುದು. ತುಂಡಾಗುವುದು ಜೀನ್‌ನ ಮಧ್ಯದಲ್ಲೇ ಆದರೆ ಅರ್ಧ ಕೆಂಪು, ಅರ್ಧ ಹಸಿರು ಸೇರಿದ ಬೆರಕೆ ಜೀನ್ ಹುಟ್ಟುತ್ತದೆ. ಗಂಡಿಗೆ ಇರುವುದು ಒಂದೇ ಎಕ್ಸ್, ಹಾಗಾಗಿ ಅದರಲ್ಲಿ ಕೊರತೆ ಇದ್ದರೆ ತುಂಬಿಕೊಡಲು ಇನ್ನೊಂದಿಲ್ಲ. ಯುರೋಪ್ ಮೂಲದ ಗಂಡಸರಲ್ಲಿ 100ಕ್ಕೆ ಸುಮಾರು 8 ಜನರಿಗೆ ಈ ತೊಂದರೆ ಇದೆ.

ಇನ್ನೊಂದು ವಿಷಯ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೆಣ್ಣಿನ ಅಂಡಾಣುಗಳಲ್ಲಿ ಈ ಅದಲುಬದಲು ನಡೆಯುವುದು ಅವಳಿನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿರುವಾಗ. ನೀವು ಬಸುರಿಯಾಗಿದ್ದಾಗ ಏನು ತಿಂದಿರಿ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಅಷ್ಟೇ ಅಲ್ಲ, ಬಹುತೇಕ ಮನೆಗಳಲ್ಲಿ ಆ ಜಾರುವಿಕೆ ಎಷ್ಟೋ ತಲೆಮಾರಿನ ಹಿಂದೆಯೇ ಆಗಿರುತ್ತದೆ. ಎರಡು ಎಕ್ಸ್ ಇರುವ ಅಜ್ಜಿ, ಮುತ್ತಜ್ಜಿಯರಲ್ಲಿ ಕಾಣಿಸಿಕೊಳ್ಳದೆ ಸುಮ್ನೆ ದಾಟಿ ಬಂದಿರುತ್ತದೆ.

ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಅವರಿಗೂ ಇದೇ ಇತ್ತು. ಹಗಲಲ್ಲಿ ಆಕಾಶದ ನೀಲಿಯಾಗಿ ಕಂಡ ಜೆರೇನಿಯಂ ಹೂವು ರಾತ್ರಿ ಮೋಂಬತ್ತಿಯ ಬೆಳಕಿನಲ್ಲಿ ಕೆಂಪಾಗಿ ಕಂಡಿತು. ಉಳಿದವರು ಆ ಹೂವಿನಲ್ಲಿ ಅಂಥ ಬದಲಾವಣೆ ಇಲ್ಲ ಅಂದರು, ಅವರ ಅಣ್ಣ ಒಬ್ಬರನ್ನು ಬಿಟ್ಟು. 1794ರಲ್ಲಿ ಮ್ಯಾಂಚೆಸ್ಟರ್‌ನ ಸಭೆಯೊಂದರಲ್ಲಿ ಅವರು ಇದನ್ನು ವಿವರಿಸಿದರು. ತಮ್ಮ ಕಣ್ಣೊಳಗಿನ ದ್ರವ ನೀಲಿ ಇರಬೇಕು ಎಂದು ನಂಬಿ, ಸತ್ತ ಮೇಲೆ ತೆಗೆದು ನೋಡಿ ಎಂದಿದ್ದರು. 1844ರಲ್ಲಿ ತೀರಿಕೊಂಡಾಗ ವೈದ್ಯರು ನೋಡಿದರು. ದ್ರವ ತಿಳಿಯಾಗಿತ್ತು. ಪುಣ್ಯಕ್ಕೆ ಆ ಕಣ್ಣನ್ನು ಎಸೆಯಲಿಲ್ಲ. 1995ರಲ್ಲಿ ಅದರ ಡಿಎನ್‌ಎ ಪರೀಕ್ಷಿಸಿದಾಗ ಉತ್ತರ ಸಿಕ್ಕಿತು: ಹಸಿರಿನ ಜೀನ್ ಇರಲಿಲ್ಲ.

ಇಂಥ ಜಾರುವಿಕೆ ಕಣ್ಣಿಗೆ ಮಾತ್ರ ಸೀಮಿತವಲ್ಲ. ರಕ್ತದ ಆಲ್ಫಾ ಗ್ಲೋಬಿನ್ ಜೀನ್‌ಗಳೂ ಹೀಗೇ ಜೋಡಿಯಾಗಿವೆ, ಅಲ್ಲಿ ಹೀಗೆ ಜೀನ್‌ಗಳು ಕಳೆದುಹೋಗುವುದರಿಂದ ಆಲ್ಫಾ ಥಲಸೀಮಿಯಾ ಎಂಬ ರಕ್ತದ ತೊಂದರೆ ಬರುತ್ತದೆ. ಜೀನ್‌ಗಳ ಹೊರಗೂ ಒಂದೇ ತರಹದ ತುಣುಕುಗಳು ತುಂಬಿವೆ. ಸುಮಾರು 300 ಅಕ್ಷರಗಳ ಆಲು ಎಂಬ ತುಣುಕೊಂದೇ ನಮ್ಮ ಡಿಎನ್‌ಎಯಲ್ಲಿ 10 ಲಕ್ಷಕ್ಕೂ ಹೆಚ್ಚು ಸಲ ಬರುತ್ತದೆ. ಅಂದರೆ ತಪ್ಪು ಕಾಜಗಳು ಎಲ್ಲೆಲ್ಲೂ ಇವೆ.

ಹಾಗಂತ ಇದು ಬರೀ ಹಾನಿಯ ಕಥೆ ಅಂದುಕೊಳ್ಳಬೇಡಿ. ಹಸು, ನಾಯಿಗಳಿಗೆ ಬಣ್ಣದ ಕೋಶಗಳು ಎರಡೇ ಬಗೆ. ನಮ್ಮ ಪೂರ್ವಜರಿಗೂ ಎಕ್ಸ್ ಮೇಲೆ ಒಂದೇ ಬಣ್ಣದ ಜೀನ್ ಇತ್ತು. 3-4 ಕೋಟಿ ವರ್ಷಗಳ ಹಿಂದೆ ಅದು ಎರಡಾಯಿತು, ಎರಡರ ನಡುವೆ ಸ್ವಲ್ಪ ವ್ಯತ್ಯಾಸ ಬಂತು. ಎಲೆಗಳ ಮಧ್ಯೆ ಕೆಂಪು ಹಣ್ಣು ಎದ್ದು ಕಾಣತೊಡಗಿತು. ದಕ್ಷಿಣ ಅಮೆರಿಕದ ಹೌಲರ್ ಕೋತಿಗಳಲ್ಲಿ ಇಂಥದ್ದೇ ನಕಲು ಬೇರೆಯಾಗಿ ಇನ್ನೊಮ್ಮೆ ಆಗಿದೆ.

ಇಷ್ಟೆಲ್ಲ ಕೇಳಿದ ಮೇಲೆ ತಾಯಂದಿರು ಮೊಮ್ಮಕ್ಕಳ ಬಗ್ಗೆ ಕೇಳುತ್ತಾರೆ. ಅಪ್ಪ ತನ್ನ ಎಕ್ಸ್ ಕೊಡುವುದು ಹೆಣ್ಣುಮಕ್ಕಳಿಗೆ ಮಾತ್ರ. ಹಾಗಾಗಿ ನಿಮ್ಮ ಮಗನಿಂದ ಅವನ ಗಂಡುಮಕ್ಕಳಿಗೆ ಇದು ಬರುವುದಿಲ್ಲ. ಹೆಣ್ಣುಮಕ್ಕಳು ಇದನ್ನು ಹೊತ್ತಿರುತ್ತಾರೆ, ಅಮ್ಮನಿಂದ ಬಂದ ಎಕ್ಸ್ ಸರಿಯಿದ್ದರೆ ಸಾಮಾನ್ಯವಾಗಿ ಅವರಿಗೆ ಬಣ್ಣಗಳು ಸರಿಯಾಗಿಯೇ ಕಾಣುತ್ತವೆ. ಅವರ ಗಂಡುಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಆ ಹುಡುಗರಿಗೆ ಮೆಡಿಕಲ್ ಟೆಸ್ಟ್‌ವರೆಗೆ ಕಾಯದೆ, ಶಾಲೆಗೆ ಸೇರಿಸುವಾಗಲೇ ಒಮ್ಮೆ ಕಣ್ಣು ತೋರಿಸಿ.