ಸ್ಕೀಯಿಂಗ್ ಕಲಿಯಲು ಹೊರಟವರಿಗೆ: ಮೊದಲ ದಿನ ಕಿವಿಗೆ ಬೀಳುವ ಮಾತುಗಳು

ಸ್ಕೀಯಿಂಗಿನ ಪರಿಭಾಷೆ ಶುರುವಾಗುವುದು ಹಿಮದ ಮೇಲಲ್ಲ, ಸಲಕರಣೆ ಬಾಡಿಗೆಗೆ ಕೊಡುವ ಕೌಂಟರಿನಲ್ಲಿ. ನಿಮ್ಮ ಎತ್ತರ, ತೂಕ, ವಯಸ್ಸು ಕೇಳುತ್ತಾರೆ, ಎಷ್ಟರಮಟ್ಟಿಗೆ ಸ್ಕೀ ಮಾಡಬಲ್ಲಿರಿ ಎಂದೂ ಕೇಳುತ್ತಾರೆ. ಇದೆಲ್ಲ ಬೈಂಡಿಂಗ್ ಹೊಂದಿಸಲು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್, ಬಿದ್ದಾಗ ಕಾಲು ತಿರುಚಿಕೊಳ್ಳುವ ಮೊದಲೇ ಬೂಟನ್ನು ಬಿಟ್ಟುಬಿಡಬೇಕು. ಎಷ್ಟು ಬಲ ಬಿದ್ದರೆ ಬಿಡಬೇಕು ಎನ್ನುವ ಅಂಕೆಗೆ ಡಿನ್ ಎನ್ನುತ್ತಾರೆ. ತೂಕ ಕಡಿಮೆ ಹೇಳಿದರೆ ಸಣ್ಣ ಕುಲುಕಾಟಕ್ಕೇ ಸ್ಕೀ ಕಳಚಿಕೊಳ್ಳಬಹುದು. 'ನನಗೆ ಚೆನ್ನಾಗಿ ಬರುತ್ತೆ' ಎಂದು ಬಡಾಯಿ ಕೊಚ್ಚಿದರೆ ಬಿಡಬೇಕಾದಾಗ ಬಿಡದೆ ಮಂಡಿಗೆ ಪೆಟ್ಟಾಗುತ್ತದೆ. ಎರಡನೆಯದೇ ಹೆಚ್ಚು ಅಪಾಯ.

ಬೂಟಿನ ಅಳತೆ ಮೊಂಡೊ ಪಾಯಿಂಟ್‌ನಲ್ಲಿರುತ್ತದೆ, ಅಂದರೆ ಪಾದದ ಉದ್ದ ಸೆಂಟಿಮೀಟರಿನಲ್ಲಿ: 25.5, 26.5 ಹೀಗೆ. ನೆಟ್ಟಗೆ ನಿಂತಾಗ ಬೆರಳು ತುದಿಗೆ ತಾಗಬೇಕು, ಮಂಡಿ ಮುಂದಕ್ಕೆ ಬಾಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಆರಾಮಾಗಿದೆ ಎಂದು ದೊಡ್ಡದು ತೆಗೆದುಕೊಂಡರೆ ಹಿಮ್ಮಡಿ ಮೇಲೇಳುತ್ತದೆ, ಸ್ಕೀ ಮಾತು ಕೇಳುವುದಿಲ್ಲ. ಮಂಡಿಯವರೆಗೆ ಬರುವ ತೆಳು ಕಾಲುಚೀಲ ಒಂದೇ ಜೊತೆ ಸಾಕು. ಎರಡು ಹಾಕಿದರೆ ಮಡಿಕೆ ಬಿದ್ದು ಒತ್ತುತ್ತದೆ, ರಕ್ತ ಹರಿಯದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಪ್ಯಾಂಟಿನ ಅಂಚು ಬೂಟಿನೊಳಗೆ ಸೇರಲೇಬಾರದು. ಸ್ಕೀಯನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದಾಗ ಅದರ ತುದಿ ನಿಮ್ಮ ಗದ್ದಕ್ಕೂ ಮೂಗಿಗೂ ನಡುವೆ ಬಂದರೆ ಕಲಿಯುವವರಿಗೆ ಸರಿ. ಅದರ ಎರಡೂ ಬದಿಯ ಲೋಹದ ಪಟ್ಟಿಯೇ ಎಡ್ಜ್. ಅದು ಹಿಮವನ್ನು ಕಚ್ಚಿದರೆ ಮಾತ್ರ ತಿರುಗುವುದೂ ನಿಲ್ಲುವುದೂ ಸಾಧ್ಯ.

ಹಿಮದ ಮೇಲೆ ಬಂದಮೇಲೆ ಸ್ಕೀ ಹಾಕಿಕೊಳ್ಳುವ ಮುನ್ನ ಬೂಟಿನ ತಳದ ಹಿಮವನ್ನು ಪೋಲ್‌ನಿಂದ, ಅಂದರೆ ಕೈಯಲ್ಲಿ ಹಿಡಿಯುವ ಸ್ಕೀ ಕೋಲಿನಿಂದ, ಕೆರೆದು ತೆಗೆಯಿರಿ. 'ಬೈಂಡಿಂಗ್ ಕೆಟ್ಟಿದೆ' ಎನ್ನುವ ದೂರುಗಳಲ್ಲಿ ಬಹುಪಾಲು ಈ ಅಂಟಿದ ಹಿಮದ್ದೇ. ಮುಂಗಾಲು ಮೊದಲು ಸಿಕ್ಕಿಸಿ, ಆಮೇಲೆ ಹಿಮ್ಮಡಿ ಒತ್ತಿದರೆ ಟಕ್ಕೆಂದು ಕೂರುತ್ತದೆ. ಇಳಿಜಾರಿನಲ್ಲಾದರೆ ಸ್ಕೀಗಳನ್ನು ಅಡ್ಡಲಾಗಿಟ್ಟು ಕೆಳಬದಿಯದನ್ನು ಮೊದಲು ಹಾಕಿ.

ತರಬೇತುದಾರರ ಮಾತುಗಳಲ್ಲಿ ಮೊದಲು ಅರ್ಥವಾಗಬೇಕಾದದ್ದು ಫಾಲ್ ಲೈನ್. ನಿಂತ ಜಾಗದಲ್ಲಿ ನೀರು ಸುರಿದರೆ ಯಾವ ಕಡೆ ಹರಿಯುತ್ತದೋ ಅದೇ ಫಾಲ್ ಲೈನ್. ಅದರ ದಿಕ್ಕಿಗೆ ಸ್ಕೀ ತಿರುಗಿದರೆ ವೇಗ ಏರುತ್ತದೆ, ಅಡ್ಡಲಾದರೆ ಇಳಿಯುತ್ತದೆ. ಹೀಗೆ ಅಡ್ಡಡ್ಡ ಸಾಗುವುದು ಟ್ರಾವರ್ಸ್. ಡೌನ್‌ಹಿಲ್ ಸ್ಕೀ ಎಂದರೆ ಆ ಕ್ಷಣಕ್ಕೆ ಕೆಳಬದಿಯಲ್ಲಿರುವ ಸ್ಕೀ. ಎಡದ್ದೋ ಬಲದ್ದೋ ಎಂದು ಗಟ್ಟಿಯಾಗಿಲ್ಲ, ಪ್ರತಿ ತಿರುವಿಗೂ ಅದಲುಬದಲಾಗುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ.

ಕಲಿಸುವ ಮೊದಲ ಭಂಗಿ ಸ್ನೋಪ್ಲೌ. ಸ್ಕೀಗಳ ತುದಿ ಹತ್ತಿರ, ಬಾಲ ಅಗಲ. ಇದನ್ನೇ ಪಿಜ್ಜಾ ಎಂದೂ, ಎರಡನ್ನೂ ಸಮಾನಾಂತರವಾಗಿ ಇಡುವುದನ್ನು ಫ್ರೆಂಚ್ ಫ್ರೈಸ್ ಎಂದೂ ಕೂಗುತ್ತಾರೆ. ತುದಿಗಳ ನಡುವೆ ಗೇಣಗಲ ಜಾಗವಿರಲಿ, ಇಲ್ಲದಿದ್ದರೆ ಒಂದರ ಮೇಲೊಂದು ಹತ್ತಿ ಬೀಳಿಸುತ್ತವೆ. ಎಡಗಾಲಿಗೆ ಭಾರ ಹಾಕಿದರೆ ಬಲಕ್ಕೆ ತಿರುಗುತ್ತೀರಿ, ಬಲಗಾಲಿಗೆ ಹಾಕಿದರೆ ಎಡಕ್ಕೆ. ಹೆದರಿಕೆಯಾದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಆಗ ಸ್ಕೀ ತುದಿಯ ಮೇಲಿನ ಭಾರ ಹೋಗಿ ಅದು ತಿರುಗದೆ ನೆಟ್ಟಗೆ ಓಡುತ್ತದೆ, ತೊಡೆ ಉರಿಯತೊಡಗುತ್ತದೆ. ಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ಸದಾ ಒತ್ತುತ್ತಿದೆಯೇ ಎಂದು ಗಮನಿಸುತ್ತಿರಿ, ಉಳಿದದ್ದು ದಾರಿಗೆ ಬರುತ್ತದೆ.

ಮೇಲೆ ಹೋಗಲು ಮೊದಲು ಸಿಗುವುದು ಮ್ಯಾಜಿಕ್ ಕಾರ್ಪೆಟ್, ಅಂದರೆ ಚಲಿಸುವ ಪಟ್ಟಿ, ಸುಮ್ಮನೆ ನಿಂತರಾಯಿತು. ಟಿ-ಬಾರ್ (ತೂಗುವ ಟಿ ಆಕಾರದ ಕಂಬಿ), ಬಟನ್ ಲಿಫ್ಟ್ (ಕಾಲುಗಳ ನಡುವೆ ಇಟ್ಟುಕೊಳ್ಳುವ ದುಂಡು ತಟ್ಟೆ) ಇವು ಎಳೆಯುತ್ತವೆಯೇ ಹೊರತು ಹೊರುವುದಿಲ್ಲ, ಕೂರಲು ಹೋದರೆ ಬಿದ್ದಿರಿ. ಬಿದ್ದರೆ ಹಿಡಿ ಬಿಟ್ಟು ಕೂಡಲೇ ಪಕ್ಕಕ್ಕೆ ಸರಿಯಿರಿ, ಹಿಂದೆ ಮತ್ತೊಬ್ಬರು ಬರುತ್ತಿರುತ್ತಾರೆ. ಚೇರ್‌ಲಿಫ್ಟ್‌ಗೆ ಮುನ್ನ ಪೋಲ್‌ಗಳ ಪಟ್ಟಿ ಮಣಿಕಟ್ಟಿನಿಂದ ತೆಗೆದು ಎರಡನ್ನೂ ಒಂದೇ ಕೈಲಿ ಹಿಡಿಯಿರಿ. ಇಳಿಯುವಾಗ ಸ್ಕೀ ತುದಿ ಮೇಲಕ್ಕಿರಲಿ, ಇಳಿದ ಜಾಗದಲ್ಲೇ ನಿಲ್ಲಬೇಡಿ.

ಇಳಿಜಾರು ಎಷ್ಟು ಕಷ್ಟ ಎಂದು ತೋರಿಸುವ ಬಣ್ಣಗಳಲ್ಲಿ ಮೋಸಹೋಗುವುದು ಸುಲಭ. ಫ್ರಾನ್ಸಿನಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಎನ್ನುವುದು ಕಷ್ಟದ ಏರಿಕೆಯ ಕ್ರಮ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಸಾಮಾನ್ಯವಾಗಿ ನೀಲಿಯೇ ಸುಲಭದ್ದು. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಅದೇ ಬಣ್ಣ ಬೇರೆ ಬೆಟ್ಟದಲ್ಲಿ ಅಷ್ಟೇ ಕಡಿದಾಗಿರಬೇಕೆಂದಿಲ್ಲ.

ಹಿಮದ ಸ್ಥಿತಿಗೂ ಹೆಸರುಗಳಿವೆ. ಯಂತ್ರದಿಂದ ಸಮ ಮಾಡಿದ್ದು ಗ್ರೂಮ್ಡ್, ಹೊಸ ಸಡಿಲ ಹಿಮ ಪೌಡರ್, ಬಿಸಿಲಿಗೆ ಕರಗಿ ರಾಡಿಯಾದದ್ದು ಸ್ಲಶ್. ಕಲಿಯುವವರಿಗೆ ಗ್ರೂಮ್ಡ್ ಒಂದೇ ಸಾಕು. ಎಲ್ಲೇ ಇರಲಿ, ಮುಂದೆ, ಕೆಳಗಿರುವವರಿಗೆ ಆದ್ಯತೆ. ತಪ್ಪಿಸಿಕೊಂಡು ಹೋಗಬೇಕಾದವರು ಹಿಂದಿನಿಂದ ಬರುವವರು. ನಿಲ್ಲುವುದಾದರೆ ಅಂಚಿನಲ್ಲಿ, ಮೇಲಿನಿಂದ ಕಾಣುವಂತೆ ನಿಲ್ಲಿ.

ಕೊನೆಗೊಂದು ಪದ: ಡೌನ್‌ಲೋಡ್. ಸಂಜೆ ಕಾಲು ಸೋತಾಗ ಲಿಫ್ಟಿನಲ್ಲೇ ಕೆಳಗಿಳಿದು ಬರುವುದಕ್ಕೆ ಹೀಗೆನ್ನುತ್ತಾರೆ. ಎಲ್ಲ ಲಿಫ್ಟ್‌ಗಳಲ್ಲೂ ಇದಕ್ಕೆ ಅವಕಾಶವಿರುವುದಿಲ್ಲ, ಆದ್ದರಿಂದ ಯಾವುದರಲ್ಲಿ, ಎಷ್ಟು ಗಂಟೆಯವರೆಗೆ ಎಂದು ಬೆಳಗ್ಗೆ ಹತ್ತುವಾಗಲೇ ಕೇಳಿಟ್ಟುಕೊಳ್ಳಿ.