ಕೋಟಿನ ಜಾಡು ಹಿಡಿದು ವಾಟೆನ್‌ಶೈಡ್‌ಗೆ

ಜರ್ಮನಿಯ ರೂರ್ ಪ್ರದೇಶಕ್ಕೆ ಹೋಗುವ ಪ್ರವಾಸಿಗರು ಎಸ್ಸೆನ್ ನಗರದ ತ್ಸೋಲ್‌ಫರೈನ್ ಕಲ್ಲಿದ್ದಲು ಗಣಿಯನ್ನು ನೋಡಿ ಹಿಂದಿರುಗುವುದು ವಾಡಿಕೆ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಕಟಿಂಗ್ ವಿಭಾಗದಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಅಲ್ಲಿ ನೋಡಬೇಕಾದದ್ದು ಬೇರೆಯೇ ಇತ್ತು. ಡ್ಯುಸೆಲ್‌ಡಾರ್ಫ್‌ನಲ್ಲಿ ಮಗಳ ಮನೆಗೆ ಬಂದಿದ್ದವನು, 2025ರ ಅಕ್ಟೋಬರಿನ ಒಂದು ಶನಿವಾರ ಬೋಖುಮ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ 302ನೆಯ ಸಂಖ್ಯೆಯ ಟ್ರಾಮ್ ಹಿಡಿದು ವಾಟೆನ್‌ಶೈಡ್‌ನ ಆಗಸ್ಟ್ ಬೇಬೆಲ್ ಚೌಕದಲ್ಲಿ ಇಳಿದೆ. ಒಂದು ಕಾಲಕ್ಕೆ ಯುರೋಪಿನ ಅತಿ ದೊಡ್ಡ ಉಡುಪು ತಯಾರಕರೆನಿಸಿದ್ದ ಕ್ಲಾಸ್ ಸ್ಟೈಲ್‌ಮನ್ ಅವರ ಊರು ಅದು.

ಊರು ಎಂದರೆ ಅಲ್ಲಿನ ಹಳಬರಿಗೆ ಸಂತೋಷವಾಗುತ್ತದೆ, ಬೋಖುಮ್‌ನ ಒಂದು ಬಡಾವಣೆ ಎಂದರೆ ಮುಖ ಸಪ್ಪೆಯಾಗುತ್ತದೆ. 1975ರ ಜನವರಿ 1ರಂದು ವಾಟೆನ್‌ಶೈಡನ್ನು ಬೋಖುಮ್‌ಗೆ ಸೇರಿಸಲಾಯಿತು. ಆ ಮುನಿಸು ಇನ್ನೂ ಆರಿಲ್ಲ. 2012ರಲ್ಲಿ ವಾಹನಗಳಿಗೆ ತಮ್ಮ ಊರಿನ ಹಳೆಯ ಅಕ್ಷರಗಳ ನಂಬರ್ ಪ್ಲೇಟ್ ಮತ್ತೆ ಸಿಗುವಂತಾದಾಗ ಬಹಳ ಮಂದಿ ಅದನ್ನೇ ಹಾಕಿಸಿಕೊಂಡರು. ನಾನು ನಡೆದುಹೋದ ಬೀದಿಯಲ್ಲೂ ಆ ‘ವಾಟ್’ ಫಲಕದ ಕಾರುಗಳು ಸಾಲಾಗಿ ನಿಂತಿದ್ದವು.

ಸ್ಟೈಲ್‌ಮನ್ ಇಲ್ಲಿ ಹುಟ್ಟಿದವರಲ್ಲ. ಅವರು ಹುಟ್ಟಿದ್ದು 1929ರಲ್ಲಿ, ಯುದ್ಧದ ನಂತರ ಪೂರ್ವ ಜರ್ಮನಿಯ ಪಾಲಾದ ನಾಯ್‌ಸ್ಟ್ರೆಲಿಟ್ಸ್‌ನಲ್ಲಿ. ಪಶ್ಚಿಮದ ಈ ಗಣಿ ಊರಿನಲ್ಲಿ ಹೆಂಗಸರ ಉಡುಪಿನ ಕಾರ್ಖಾನೆ ತೆರೆದದ್ದು 1958ರಲ್ಲಿ. ಆ ವರ್ಷವನ್ನು ಗಮನಿಸಬೇಕು. ಅಗ್ಗದ ಎಣ್ಣೆ ಮತ್ತು ಅಮೆರಿಕದ ಕಲ್ಲಿದ್ದಲಿನ ಪೈಪೋಟಿಯಿಂದ ರೂರ್ ಗಣಿಗಳಲ್ಲಿ ಮಾರಾಟವಾಗದ ಕಲ್ಲಿದ್ದಲು ಗುಡ್ಡೆ ಬೀಳತೊಡಗಿದ್ದು, ಗಣಿ ಕಾರ್ಮಿಕರಿಗೆ ಕೂಲಿಯಿಲ್ಲದ ರಜೆ ಕೊಡಲಾರಂಭಿಸಿದ್ದು ಇದೇ 1958ರಲ್ಲಿ. ಗಣಿ ಮತ್ತು ಉಕ್ಕಿನ ಊರುಗಳಲ್ಲಿ ಗಂಡಸರಿಗೆ ಕೆಲಸವಿತ್ತೇ ಹೊರತು ಹೆಂಗಸರಿಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಯುದ್ಧದ ನಂತರ ಪೂರ್ವದಿಂದ ನಿರಾಶ್ರಿತರಾಗಿ ಬಂದ ಉಡುಪು ತಯಾರಕರು ಪಕ್ಕದ ಗೆಲ್ಸೆನ್‌ಕಿರ್ಶೆನ್‌ನಲ್ಲಿ ಸಾಲು ಸಾಲಾಗಿ ನೆಲೆಯೂರಿದ್ದಕ್ಕೂ ಅದೇ ಕಾರಣ. ಗಂಡನ ಪಾಳಿ ಕಡಿತವಾದ ಮನೆಯಿಂದ ಹೆಂಡತಿಯೋ ಮಗಳೋ ಹೊಲಿಗೆ ಯಂತ್ರದ ಮುಂದೆ ಬಂದು ಕುಳಿತರು. ಸ್ಟೈಲ್‌ಮನ್ ಅವರ ಚಾಣಾಕ್ಷತನವನ್ನು ಹೊಗಳುವವರು ಈ ಅಂಶವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿಯೆನಿಸುವುದಿಲ್ಲ.

ಸೇಂಟ್ ಗರ್ಟ್ರೂಡ್ ಚರ್ಚನ್ನು ಹೊರಗಿನಿಂದಲೇ ನೋಡಿ, ಹಾಲೆಂಡ್ ಎಂಬ ಹೆಸರಿನ ಹಳೆಯ ಗಣಿಯ ಕಡೆಗೆ ನಡೆದೆ. ಬಾವಿಯಿಂದ ಕಲ್ಲಿದ್ದಲನ್ನೂ ಆಳುಗಳನ್ನೂ ಮೇಲೆತ್ತುತ್ತಿದ್ದ ಕಬ್ಬಿಣದ ಗೋಪುರವನ್ನು ಅಲ್ಲಿ ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ಗಣಿಗೆ ಗೋಪುರವಾದರೂ ಉಳಿಯಿತು. ಹೊಲಿಗೆಗೆ ಏನು ಉಳಿಯಿತು ಎಂದು ಹುಡುಕುತ್ತಿದ್ದ ನನಗೆ ಉತ್ತರ ಸಿಕ್ಕಿದ್ದು ಹಳೆಯ ಬಟ್ಟೆ ಮಾರುವ ಒಂದು ಪುಟ್ಟ ಅಂಗಡಿಯಲ್ಲಿ. ಸಾಲಿನ ಕೊನೆಯಲ್ಲಿ ತೂಗುಹಾಕಿದ್ದ ಕಂದು ಬಣ್ಣದ ಉಣ್ಣೆಯ ಕೋಟಿನ ಕೊರಳಪಟ್ಟಿಯ ಒಳಗೆ ಸ್ಟೈಲ್‌ಮನ್ ಎಂಬ ಹೆಸರಿತ್ತು. ಅಭ್ಯಾಸಬಲದಿಂದ ಕೋಟನ್ನು ಒಳಹೊರಗು ಮಾಡಿದೆ. ಅಸ್ತರು ಸಾಧಾರಣದ್ದು, ಭುಜದ ದಿಂಬು ಎಂಬತ್ತರ ದಶಕದ ರೂಢಿಯಂತೆ ದಪ್ಪ, ಕಾಜಾಗಳು ಮಾತ್ರ ಒಂದೂ ನೂಲು ಬಿಟ್ಟಿರಲಿಲ್ಲ. ತೋಳು ಕೂಡಿಸಿದ ಕಡೆ ನೆರಿಗೆ ಬೀಳದ ಹಾಗೆ ಬಟ್ಟೆಯನ್ನು ಸಮವಾಗಿ ಹೊಂದಿಸಿದ್ದರು. ಟಾರ್ಗೆಟ್ಟಿನ ಒತ್ತಡದಲ್ಲಿ ಮೊದಲು ಕೆಡುವುದೇ ಆ ಜಾಗ.

ಲಕ್ಷಾಧೀಶರಿಗಲ್ಲ, ಲಕ್ಷಾಂತರ ಮಂದಿಗೆ ಫ್ಯಾಷನ್ ಎಂಬುದು ಸ್ಟೈಲ್‌ಮನ್ ಅವರ ಧ್ಯೇಯವಾಕ್ಯವಾಗಿತ್ತು. ತಮ್ಮ ಹೆಸರನ್ನು ಮೆರೆಸುವುದಕ್ಕಿಂತ ಸಿ ಅಂಡ್ ಎ, ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನಂಥ ದೊಡ್ಡ ಮಳಿಗೆಗಳಿಗೆ ರಾಶಿ ರಾಶಿ ಸರಕು ಒದಗಿಸುವುದರಲ್ಲಿ ಅವರ ವ್ಯಾಪಾರ ಬೆಳೆಯಿತು. ಕಾರ್ಲ್ ಲಾಗರ್‌ಫೆಲ್ಡ್ ಅವರಂಥ ವಿನ್ಯಾಸಕಾರರಿಂದಲೂ ಅವರು ಉಡುಪು ವಿನ್ಯಾಸ ಮಾಡಿಸಿದರು. ಜರ್ಮನಿಯಲ್ಲಿ ಕೂಲಿ ಏರಿದಂತೆ ಹೊಲಿಗೆ ರುಮೇನಿಯದ ಕಡೆ ಸರಿಯಿತು. ಕತ್ತರಿಸಿದ ಬಟ್ಟೆಯನ್ನು ಹೊರದೇಶಕ್ಕೆ ಕಳುಹಿಸಿ, ಹೊಲಿಸಿ, ಮರಳಿ ತಂದರೆ ಅಲ್ಲಿ ಸೇರಿದ ಮೌಲ್ಯಕ್ಕಷ್ಟೇ ಸುಂಕ ಕಟ್ಟುವ ವ್ಯವಸ್ಥೆ ಜರ್ಮನ್ ತಯಾರಕರಿಗೆ ಬಹಳ ಅನುಕೂಲವಾಗಿತ್ತು. ಹೀಗೆ ಅಲೆಯುತ್ತ ಬಂದ ಕೆಲಸದ ಇನ್ನೊಂದು ಕವಲೇ ನಮ್ಮ ಪೀಣ್ಯಕ್ಕೂ ಬೊಮ್ಮನಹಳ್ಳಿಗೂ ತಲುಪಿದ್ದು.

ಅಂಗಡಿಯಾಕೆಗೆ ಕೋಟಿನ ಮೇಲಿದ್ದ ಹೆಸರು ತೋರಿಸಿದೆ. ಆಕೆ ಬಟ್ಟೆಯ ಮಾತೆತ್ತದೆ ‘ಓ, ನಮ್ಮ ಫುಟ್‌ಬಾಲ್ ಯಜಮಾನರು’ ಎಂದು ನಕ್ಕಳು. ಎಸ್‌ಜಿ ವಾಟೆನ್‌ಶೈಡ್ 09 ಎಂಬ ಊರ ತಂಡವನ್ನು ಸ್ಟೈಲ್‌ಮನ್ ದಶಕಗಳ ಕಾಲ ತಮ್ಮ ಹಣದಿಂದ ಪೋಷಿಸಿದರು. ಆ ತಂಡ 1990ರಿಂದ 1994ರವರೆಗೆ ನಾಲ್ಕು ಋತು ದೇಶದ ಅಗ್ರ ಶ್ರೇಣಿಯಲ್ಲಿ ಆಡಿತು. ಮಗಳು ಬ್ರಿಟ್ಟಾ ಕೆಲಕಾಲ ಅದರ ಮ್ಯಾನೇಜರ್ ಆಗಿದ್ದರು. ಪರಿಸರಕ್ಕೆ ಹೊರೆಯಾಗದ ಉಡುಪಿನ ಮಾತನ್ನು ಜರ್ಮನ್ ಫ್ಯಾಷನ್ ಲೋಕದಲ್ಲಿ ಮೊದಮೊದಲು ಎತ್ತಿದವರಲ್ಲಿ ಆಕೆಯೂ ಒಬ್ಬರು.

ಮುಂದಿನದು ಇಳಿಜಾರು. 2006ರಲ್ಲಿ ಸಂಸ್ಥೆ ಇಟಲಿಯ ರಾದಿಚಿ ಸಮೂಹದ ಕೈಸೇರಿತು, 2009ರಲ್ಲಿ ಸ್ಟೈಲ್‌ಮನ್ ತೀರಿಕೊಂಡರು. 2015ರ ನವೆಂಬರಿನಲ್ಲಿ ಷೇರು ಪೇಟೆಗೆ ಬಂದ ಕಂಪನಿ ಐದು ತಿಂಗಳು ತುಂಬುವ ಮೊದಲೇ ದಿವಾಳಿ ಅರ್ಜಿ ಹಾಕಿತು. 2019ರಲ್ಲಿ ಫುಟ್‌ಬಾಲ್ ತಂಡವೂ ದಿವಾಳಿಯಾಗಿ ಋತುವಿನ ಮಧ್ಯದಲ್ಲೇ ಆಟ ನಿಲ್ಲಿಸಬೇಕಾಯಿತು.

ಮಧ್ಯಾಹ್ನ ಲೋರ್‌ಹೈಡೆ ಕ್ರೀಡಾಂಗಣದವರೆಗೂ ಹೋಗಿಬಂದೆ. 2025ರ ಜುಲೈಯಲ್ಲಿ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದ ಅಥ್ಲೆಟಿಕ್ಸ್ ಸ್ಪರ್ಧೆಗಳು ಅಲ್ಲಿ ನಡೆದಿದ್ದವು, ಭಾರತದ ಓಟಗಾರರೂ ಅಲ್ಲಿ ಓಡಿದ್ದರು. ಗೇಟು ಮುಚ್ಚಿತ್ತು. ಹಿಂದಿರುಗುವಾಗ ಮತ್ತೆ ಆ ಅಂಗಡಿಗೆ ಹೋಗಿ ಹನ್ನೆರಡು ಯೂರೋ ಕೊಟ್ಟು ಕೋಟನ್ನು ಕೊಂಡೆ. ಟ್ರಾಮ್‌ನಲ್ಲಿ ಕುಳಿತು ಅಸ್ತರಿನ ಮೂಲೆಮೂಲೆಯನ್ನೂ ತಡಕಿದೆ. ಒಗೆಯುವ ವಿಧಾನದ ಚೀಟಿಯಿತ್ತು, ಅಳತೆಯ ಚೀಟಿಯಿತ್ತು. ಯಾವ ದೇಶದಲ್ಲಿ ಹೊಲಿದದ್ದೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ.