ಗೋಡೆ ಪಕ್ಕದ ಇಕ್ಸೋರಾ

ಕಟ್ಟಡದ ಕೆಲಸ ಮುಗಿಯುವಾಗ ಸರಿಪಡಿಸಬೇಕಾದ ಕುಂದುಗಳ ಪಟ್ಟಿ, ಅಂದರೆ ಸ್ನ್ಯಾಗ್ ಲಿಸ್ಟ್‌ನಲ್ಲಿ ಬಂದ ಸಾಲು ಇಷ್ಟೇ: "ಇಕ್ಸೋರಾ ಹೆಡ್ಜ್ ಹಳದಿ, ಪೂರ್ತಿ ಬದಲಾಯಿಸಿ." ಇಕ್ಸೋರಾ ಅಂದರೆ ನಮ್ಮ ಕೇಪಳ, ಇಲ್ಲಿ ಗೋಡೆ ಪಕ್ಕ ಬೇಲಿಯ ಹಾಗೆ ಸಾಲಾಗಿ ನೆಟ್ಟದ್ದು. ಕ್ಲೈಂಟ್‌ಗೆ ಒಪ್ಪಿಸುವ ದಿನ, ಹ್ಯಾಂಡೋವರ್, ಹತ್ತಿರ ಬಂದಿತ್ತು. ಹೊಸ ಗಿಡಗಳಿಗೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ ಎಂದು ಸೈಟ್ ಇಂಜಿನಿಯರ್ ಹೇಳಿಯೂ ಆಗಿತ್ತು. ಅದಕ್ಕೆ ಮುಂಚೆ ನಾವು ಯೂರಿಯಾ ಕೊಟ್ಟು ನೋಡಿದ್ದೆವು. ಚಿಗುರು ಬಂತು, ಅದೂ ಹಳದಿಯೇ.

ಅಲ್ಲೇ ನನಗೆ ಹೊಳೆಯಬೇಕಿತ್ತು. ಯೂರಿಯಾ ಕೊಡುವುದು ಸಾರಜನಕ; ಅದು ಕಮ್ಮಿಯಾದರೆ ಮೊದಲು ಕೆಳಗಿನ ಹಳೆ ಎಲೆ ಹಳದಿಯಾಗುತ್ತದೆ. ಇಲ್ಲಿ ಹಳೆ ಎಲೆ ಕಡುಹಸಿರಾಗೇ ಇತ್ತು. ತುದಿಯ ಎಳೆ ಎಲೆ ಮಾತ್ರ ಹಳದಿ, ನರಗಳು ಹಸಿರು. ಅದು ಕಬ್ಬಿಣದ ಕೊರತೆ.

ಇನ್ಸ್‌ಪೆಕ್ಷನ್ ದಿನ ಕ್ಲೈಂಟ್, ಇಂಜಿನಿಯರ್ ಇಬ್ಬರೂ ಹೆಡ್ಜ್ ಮುಂದೆ ನಿಂತಿದ್ದರು. "ಸರ್, ಹೊಸ ಗಿಡ ಇಟ್ಟರೂ ಇದೇ ಗತಿ," ಅಂದೆ. ಯಾರೂ ಮಾತಾಡಲಿಲ್ಲ. ಇಂಜಿನಿಯರ್ ಮುಖ ಬಿಗಿಯಾಯಿತು. ಖುರ್ಪಿ ತಗೊಂಡು ಬುಡ ಕೆದಕಿದೆ. ಗೇಣು ಆಳಕ್ಕೆ ಪ್ಲಾಸ್ಟರ್ ಚೂರು, ಸಿಮೆಂಟ್ ಗಟ್ಟಿ. ಪಿಹೆಚ್ ಸ್ಟ್ರಿಪ್ ಅದ್ದಿ ಬಣ್ಣ ತಿರುಗುವವರೆಗೆ ಕಾದ ಆ ಹೊತ್ತು ಬಹಳ ಉದ್ದ ಅನಿಸಿತು. 8 ತೋರಿಸಿತು. ಪಿಹೆಚ್ 7ಕ್ಕಿಂತ ಕೆಳಗಿದ್ದರೆ ಮಣ್ಣು ಹುಳಿ, ಮೇಲಿದ್ದರೆ ಕ್ಷಾರ.

ಇಕ್ಸೋರಾ ಕಾಫಿ ಕುಟುಂಬದ್ದು, ಹುಳಿ ಮಣ್ಣು ಬೇಡುವ ಗಿಡ. ಪಿಹೆಚ್ 5ರಿಂದ 6ರ ಆಸುಪಾಸು ಇದ್ದರೆ ಖುಷಿಯಾಗಿರುತ್ತದೆ. ಹೊಸ ಗೋಡೆಯಿಂದ ಮಳೆನೀರಿನ ಜೊತೆ ಸುಣ್ಣ ಇಳಿಯುತ್ತಲೇ ಇರುತ್ತದೆ. ಸುಣ್ಣದಿಂದ ಪಿಹೆಚ್ ಏರಿದಂತೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಯೂರಿಯಾ ಹಾಕಿ ಚಿಗುರು ಎಬ್ಬಿಸಿದರೆ ಸುಮ್ನೆ ಹಳದಿ ಎಲೆ ಜಾಸ್ತಿಯಾಗುತ್ತದೆ, ಅಷ್ಟೇ.

ಇಂಥ ಮಣ್ಣಿಗೆ ಫೆರಸ್ ಸಲ್ಫೇಟ್ ಸುರಿದರೂ ಅದರ ಕಬ್ಬಿಣ ಬೇಗ ಮಣ್ಣಿನಲ್ಲೇ ಕಟ್ಟಿಹೋಗುತ್ತದೆ. ಕಬ್ಬಿಣ ಕಟ್ಟಿಹೋಗದಂತೆ ಹಿಡಿದಿಡುವ ರಾಸಾಯನಿಕ ಸೇರಿಸಿದ ಗೊಬ್ಬರಗಳಿವೆ; ಅದರಲ್ಲಿ ಇಡಿಟಿಎ ಕಬ್ಬಿಣವೂ ಈ ಪಿಹೆಚ್‌ಗೆ ನಿಲ್ಲಲ್ಲ. ಇಡಿಡಿಎಚ್‌ಎ ರೂಪದ್ದೇ ಬೇಕು, ಅದನ್ನು ನೀರಿನಲ್ಲಿ ಕಲಸಿ ಬುಡಕ್ಕೇ ಸುರಿಯಬೇಕು, ಅಂದರೆ ಡ್ರೆಂಚ್ ಮಾಡಬೇಕು. ಕೆಂಪು ನೀರು, ಕಲ್ಲಿನ ಮೇಲೆ ಬಿದ್ದರೆ ಕಲೆ. ಪಕ್ಕದಲ್ಲೇ ಹೊಸ ಗ್ರಾನೈಟ್ ಇತ್ತು. ಪ್ಲಾಸ್ಟಿಕ್ ಹಾಸಿ, ಮಗ್‌ನಿಂದ ಒಂದೊಂದೇ ಬುಡಕ್ಕೆ ಹಾಕಿದ್ದೇವೆ. ಹುಡುಗರು ಒಂದು ಹನಿಯನ್ನೂ ಚೆಲ್ಲಲಿಲ್ಲ. ಆಮೇಲೆ ಬಂದ ಚಿಗುರು ಹಸಿರಾಗಿತ್ತು. ಗಿಡ ಬದಲಾಯಿಸುವ ಮಾತು ನಿಂತಿತು.

ಆದರೆ ಇದು ತಾತ್ಕಾಲಿಕ. ಗೋಡೆ ಅಲ್ಲೇ ಇದೆ, ಅಲ್ವಾ? ಗಿಡದ ಪಾತಿ, ಅಂದರೆ ಬೆಡ್ ಅನ್ನು ಗೋಡೆಯಿಂದ ದೂರ ಇಡಬೇಕಿತ್ತು. ಡೆಬ್ರಿಸ್ ಪೂರ್ತಿ ತೆಗೆದು, ಕೆಮ್ಮಣ್ಣು, ಕಾಂಪೋಸ್ಟ್ ತುಂಬಿ ಆಮೇಲೆ ಗಿಡ ಇಡಬೇಕಿತ್ತು. ಡ್ರಾಯಿಂಗ್‌ನಲ್ಲಿ ಬೆಡ್ ಗೋಡೆಗೆ ಅಂಟಿಕೊಂಡೇ ಇತ್ತು. ಮಣ್ಣು ಟೆಸ್ಟ್‌ಗೆ ಬಿಓಕ್ಯೂನಲ್ಲಿ (ಕೆಲಸ, ಸಾಮಾನುಗಳ ಲೆಕ್ಕದ ಪಟ್ಟಿ) ಐಟಂ ಇಲ್ಲ. ಗಿಡ ಬದಲಾಯಿಸಲು ದುಡ್ಡಿದೆ, ಮಣ್ಣು ನೋಡಲು ಇಲ್ಲ ಅಂದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಈಗ ಇನ್ನೊಂದು ಜಗಳ ಶುರುವಾಗಿದೆ. ಮೇಂಟೆನೆನ್ಸ್ ಶೀಟ್‌ನಲ್ಲಿ "ವಾರಕ್ಕೊಮ್ಮೆ ಹೆಡ್ಜ್ ಟ್ರಿಮ್ಮಿಂಗ್" ಅಂತಿದೆ. ಇಕ್ಸೋರಾ ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ವಾರವಾರ ತುದಿ ಕತ್ತರಿಸಿದರೆ ಮೊಗ್ಗು ಎಲ್ಲಿಂದ ಬರಬೇಕು? ಬಿಸಿಲು ಚೆನ್ನಾಗಿ ಬೀಳುವ ಜಾಗ ಅದು, ಒಂದು ಸುತ್ತು ಹೂ ಮುಗಿದ ಮೇಲೆ ಸವರಿದರೆ ಸಾಕು. ಆ ಸಾಲು ತೆಗೆಯಿರಿ ಅಂತ ಮೇಲ್ ಹಾಕಿದ್ದೇನೆ. ಉತ್ತರ ಬಂದಿಲ್ಲ.